ಒಯ್ಯಾಕ ಬರುವ ಕಂಪ್ಯೂಟರ್

ಗಾಂಧಿ ಚೌಕದ ಆ ಕಂಪ್ಯೂಟರ್ ಅಂಗಡಿಯ ಮೂರು ಮೆಟ್ಟಿಲು ಹತ್ತಿ, ಗಾಜಿನ ಬಾಗಿಲು ದೂಡಿದ ಪರಸವ್ವ ಉಸಿರು ಸಹ ಎಳೆದುಕೊಳ್ಳದೆ ಕೇಳಿದಳು:

"ತಮ್ಮಾ, ಗಂಡನ ಮನಿಗೆ ಒಯ್ಯಾಕ ಬರೂವಂಥಾದ್ದು ಯಾವುದು?"

ಕೌಂಟರಿನ ಹಿಂದೆ ಕೀಬೋರ್ಡಿನ ಧೂಳು ಊದುತ್ತಿದ್ದ ರಾಜರತ್ನ ಊದುವುದನ್ನು ಅರ್ಧಕ್ಕೇ ನಿಲ್ಲಿಸಿದ. ಕೆನ್ನೆಗಳು ಉಬ್ಬಿದಂತೆಯೇ ಉಳಿದವು. ಅವ್ವನ ಹಿಂದೆ ನಿಂತಿದ್ದ ಮಾಲಾ, ಆ ಕೆನ್ನೆಗಳು ನಿಧಾನವಾಗಿ ಇಳಿಯುವುದನ್ನು ನೋಡಿದಳು. ನಗು ಬರಬೇಕಿತ್ತು. ಬರಲಿಲ್ಲ.

"ಯಾರ ಗಂಡನ ಮನಿಗ್ರಿ?" ಎಂದ.

"ಈಕಿದು. ಮತ್ತ ನಂದೇನ?"

ಅವನು ಮಾಲಾಳ ಕಡೆ ನೋಡಿದ. ಅವಳು ಕೈಯಲ್ಲಿದ್ದ ಬಸ್ ಟಿಕೀಟಿನ ಕಡೆ ನೋಡಿದಳು. ತಿಕೋಟಾದಿಂದ ವಿಜಯಪುರ, ಇಬ್ಬರು. ಟಿಕೀಟಿನಲ್ಲಿ ಓದುವಂಥದ್ದು ಅಷ್ಟೇ ಇತ್ತು. ಆದರೂ ಅವಳು ಬಹಳ ಹೊತ್ತು ಓದಿದಳು.

ಐದು ವಾರಗಳಿಂದ, ಬುಧವಾರಕ್ಕೊಮ್ಮೆ, ಅವಳು ಒಬ್ಬಳೇ ಈ ಅಂಗಡಿಗೆ ಬರುತ್ತಿದ್ದಳು. ಮೂರು ವರ್ಷ ಇದೇ ಊರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ಮಾಡಿ, ಈಗ ಸ್ವಂತ ಕೆಲಸ ಶುರು ಮಾಡುವವಳಿದ್ದಳು. ತಿಕೋಟಾದ ಮಣೂಕ, ಅಂದರೆ ಒಣದ್ರಾಕ್ಷಿ, ವ್ಯಾಪಾರಿಗಳ ಡಬ್ಬಿ, ಪಾಕೀಟುಗಳ ಮೇಲೆ ಬರುವ ಚಿತ್ರ ಮತ್ತು ಅಕ್ಷರ, ಎಲ್ಲ ಅವಳದೇ. ಅದಕ್ಕೊಂದು ಕಂಪ್ಯೂಟರ್ ಬೇಕು. ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ? ಈ ಒಂದು ಪ್ರಶ್ನೆಯನ್ನು ಇಬ್ಬರೂ ಸೇರಿ ಐದು ವಾರ ಎಳೆದಿದ್ದರು. ಮೂರನೆಯ ವಾರಕ್ಕೇ ಸಂಶಯಗಳೆಲ್ಲ ತೀರಿಹೋಗಿ, ಆಮೇಲೆ ಅವಳು ಮನೆಯಲ್ಲಿ ಕೂತು ಸಂಶಯ ತಯಾರಿಸಿಕೊಂಡು ಬರಬೇಕಾಯಿತು. ಅವನೂ ಕಡಿಮೆಯಿಲ್ಲ. ಹೇಳುವ ಉತ್ತರದಲ್ಲಿ ಒಂದು ತುಂಡು ಮುಂದಿನ ಬುಧವಾರಕ್ಕೆ ತೆಗೆದಿಡುತ್ತಿದ್ದ.

ಅವನ ತೊಂದರೆಯೆಂದರೆ, ಲೋಕದ ಎಲ್ಲರ ಧ್ವನಿಯೂ ಅವನ ಗಂಟಲಲ್ಲಿತ್ತು, ಅವನದೊಂದನ್ನು ಬಿಟ್ಟು. ತಿಕೋಟಾ ಬಸ್ಸಿನ ಕಂಡಕ್ಟರ್ ಆಗುತ್ತಿದ್ದ. ಬ್ಯಾಟರಿ ಸಾಯುವ ಯುಪಿಎಸ್ ಆಗುತ್ತಿದ್ದ. ಅಂಗಡಿ ಮಾಲೀಕ ರಿಯಾಜ್ ಭಾಯಿ ಆಗುತ್ತಿದ್ದ. ಕೊಟೇಶನ್ನಿನ ಮೇಲೆ ಅವಳು 'ಮಾಲಾ ದಶರಥ' ಎಂದು ಬರೆಸಿದ ದಿನ, ಪ್ರವಚನಕಾರರ ಗಂಭೀರ ಸ್ವರದಲ್ಲಿ, "ದಶರಥನ ಮನಿ ಅಂದ ಮ್ಯಾಲ ರ‍್ಯಾಮ್ ಕಡಿಮಿ ಬೀಳಬಾರದು ತಾಯೀ" ಎಂದಿದ್ದ. ಅವಳು ಬಸ್ಸಿನಲ್ಲಿ ತಿಕೋಟಾ ಮುಟ್ಟುವವರೆಗೂ ನಕ್ಕಿದ್ದಳು.

ಹೋದ ವಾರದ ಬುಧವಾರ ಗೋಳಗುಮ್ಮಟದ ಗೈಡ್ ಆಗಿದ್ದ. "ಬರ್ರಿ, ಕಿವಿ ಹಚ್ಚಿ ಕೇಳ್ರಿ. ಈ ಕಡೆ ಒಬ್ಬಾಂವ ಪಿಸುಗುಡಾಕತ್ತಾನ. ಆ ಕಡೆ ನಿಂತಾಕಿಗೆ ಕೇಳ್ತೈತೋ ಇಲ್ಲೋ, ದೇವರಿಗೆ ಗೊತ್ತು."

"ಪಿಸುಗುಡಾಕತ್ತಾಂವ ಗೈಡೋ, ನೀವೋ?" ಎಂದು ಕೇಳಿದ್ದಳು ಮಾಲಾ, ಕಣ್ಣೆತ್ತಿ.

ಅವನು ಬಾಯಿ ತೆರೆದ. ಒಳಗಿನಿಂದ ಬಂದದ್ದು ಯುಪಿಎಸ್. ಪೀಂ, ಪೀಂ.

ಸೋಮವಾರ ಅವ್ವ ಕೇಳಿದ್ದಳು, "ಮನಸ್ಸಿನ್ಯಾಗ ಯಾರರ ಅದಾರೇನ? ಇದ್ರ ಈಗ ಹೇಳಿಬಿಡು." ಇದ್ದಾನೆ, ಆದರೆ ಅವನು ಇನ್ನೂ ಯುಪಿಎಸ್ಸೇ ಇದ್ದಾನೆ ಎಂದು ಯಾವ ಮಗಳು ಹೇಳಿಯಾಳು? ಮಾಲಾ "ಇಲ್ಲ" ಎಂದಳು. ಅವ್ವ ಬಬಲೇಶ್ವರದ ವರನ ಮನೆಗೆ ಫೋನು ಹಚ್ಚಿದಳು. ಮಾತುಕತೆಯೆಲ್ಲ ಮೊದಲೇ ಆಗಿತ್ತು, ನೋಡುವುದೊಂದು ಬಾಕಿ. ರವಿವಾರ ಬರುತ್ತಾರೆ.

ಈ ಬುಧವಾರ ಬರಲಾಗಿರಲಿಲ್ಲ, ಇವತ್ತು ಶುಕ್ರವಾರ. ಇವತ್ತು ಈ ಬಾಗಿಲು ದಾಟುವುದರೊಳಗೆ ಅವನು ಬಾಯಿ ಬಿಡದಿದ್ದರೆ, ರವಿವಾರ ಅವಳು ತಲೆ ಬಗ್ಗಿಸಿ ಕೂಡಬೇಕು. ತಾನೇ ಹೇಳಿಬಿಡಬಹುದಿತ್ತಲ್ಲ ಎಂದು ಅವಳಿಗೂ ಅನಿಸದೆ ಇರಲಿಲ್ಲ. ಆದರೆ ಊರಲ್ಲಿ ಇಷ್ಟು ಅಂಗಡಿಗಳಿರುವಾಗ ಹೆತ್ತವ್ವನನ್ನು ಇದೇ ಅಂಗಡಿಗೆ ಕರೆತಂದು ನಿಲ್ಲಿಸಿದ್ದಾಳೆ. ಇದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯಲು ಯಾವ ಫಾಂಟೂ ಅವಳಿಗೆ ಗೊತ್ತಿರಲಿಲ್ಲ.

"ಜೈಭೀಮ್ರಿ ಅವ್ವಾರ, ಕುಂದರ್ರಿ," ಎಂದ ರಾಜರತ್ನ, ತಡವಾಗಿ. ರಿಯಾಜ್ ಭಾಯಿ ಶುಕ್ರವಾರದ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಜೈಭೀಮ್. ಕುಂದರಾಕ ಬಂದಿಲ್ಲಪಾ. ಲಪಟಾಪ ತೋರಸು."

ಪರಸವ್ವನ ಬಾಯಲ್ಲಿ ಅದು ಲಪಟಾಪವೇ. ಯಾರಾದರೂ ಸುಲಭವಾಗಿ ಲಪಟಾಯಿಸಿಕೊಂಡು ಹೋಗಬಹುದೆಂದೇ ಆ ಹೆಸರು ಬಂದಿರಬೇಕು ಎನ್ನುವಷ್ಟು ನಂಬಿಕೆಯಿಂದ ಹೇಳುತ್ತಿದ್ದಳು. ಬೇರೆ ದಿನವಾಗಿದ್ದರೆ ರಾಜರತ್ನ ಈ ಮಾತನ್ನು ಹಿಡಿದು ಅರ್ಧ ತಾಸು ಆಡಿಸುತ್ತಿದ್ದ. ಇವತ್ತು ಕೌಂಟರಿನ ಗಾಜು ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಇವ್ರ ಕೆಲಸಕ್ಕ ಡೆಸ್ಕ್‌ಟಾಪ ಚಲೋರಿ. ದೊಡ್ಡ ಸ್ಕ್ರೀನು, ಬಣ್ಣ ಇದ್ದಂಗ ಕಾಣ್ತಾವ. ಒಂದ ಭಾಗ ಕೆಟ್ಟರ ಅದೊಂದ ಬದಲಿಸಿದ್ರ ಆತು. ಲ್ಯಾಪ್‌ಟಾಪ ನೋಡಿ ನೋಡಿ ಕುತ್ತಿಗಿ ಹಿಡೀತೈತಿ."

"ಆ ಡಬ್ಬಿ, ಈ ಡಬ್ಬಿ, ಇಷ್ಟುದ್ದ ವಾಯರ. ಅದನ್ನೆಲ್ಲ ಹೊತಗೊಂಡ ಹೋದ್ರ ಹೆಣ್ಣ ಬಂತೋ ಆಫೀಸ ಬಂತೋ ಅಂತ ಬೀಗರು ಕೇಳ್ತಾರ."

"ಯವ್ವಾ, ಸಣ್ಣ ಸ್ಕ್ರೀನಿನ್ಯಾಗ ಹಸರ ಕಂಡ ಮಣೂಕ ಡಬ್ಬಿ ಮ್ಯಾಲ ಕಂದ ಬರ್ತೈತಿ," ಎಂದಳು ಮಾಲಾ. "ವ್ಯಾಪಾರಿ ಡಬ್ಬಿ ತಿರುಗಿ ಕಳಸ್ತಾನ."

"ನೀ ಸುಮ್ಕಿರ್ಲೇ. ಬಬಲೇಶ್ವರದಾಗ ಬಣ್ಣ ಇರೂದಿಲ್ಲೇನ?"

ಬಬಲೇಶ್ವರ. ಹೆಸರು ಕೇಳಿದ್ದೇ ರಾಜರತ್ನನ ಕೈಯಲ್ಲಿದ್ದ ಬಟ್ಟೆ ನಿಂತಿತು. ಗಂಡನ ಮನೆ ಎನ್ನುವುದು ಇಷ್ಟು ಹೊತ್ತು ಬರೀ ಮಾತಾಗಿತ್ತು, ಈಗ ಅದಕ್ಕೊಂದು ಊರು, ಊರಿಗೊಂದು ಬಸ್ಸು ಬಂದುಬಿಟ್ಟಿತ್ತು.

ಅವನು ಮಾಲಾಳ ಕಡೆ ತಿರುಗಿದ. "ನೀವ ಹೇಳ್ರಿ. ಒಯ್ಯೂದ ಐತೇನ?"

"ಅಂಗಡಿಯವ್ರು ನೀವು," ಎಂದಳು ಅವಳು. ಧ್ವನಿ ನಡುಗದಂತೆ ಹಲ್ಲಿನ ಹಿಂದೆ ಹಿಡಿದುಕೊಂಡಿದ್ದಳು. "ಒಯ್ಯಾಕ ಬಿಡೂದೋ ಬ್ಯಾಡೋ, ನೀವ ಹೇಳ್ಬೇಕು."

ಮೇಲೆ ಫ್ಯಾನು ತಿರುಗುತ್ತಿತ್ತು. ಅವನು ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ಈಗ ಹೇಳುತ್ತಾನೆ, ಈಗ ಎಂದು ಅವಳು ಎಣಿಸಿದಳು.

"ಗಿರಾಕಿಗೆ ಕ್ಯಾ ಬೇಕೋ ವೋ ಕೊಡಬೇಕು ಸಾಬ್, ಅಪ್ನಾ ಕೆಲಸ ಅಷ್ಟೇ," ಎಂದ. ಅದು ರಿಯಾಜ್ ಭಾಯಿಯ ಧ್ವನಿ. ಕೆಮ್ಮು ಸಹಿತ.

ಪರಸವ್ವ ನಕ್ಕಳು. ಮಾಲಾಳ ಮೈಯೊಳಗೆ ಏನೋ ಒಂದು ಆರಿಹೋಯಿತು, ಕರೆಂಟು ಹೋದ ಮನೆಯಂತೆ.

"ಲ್ಯಾಪ್‌ಟಾಪ ತಗೀರಿ," ಎಂದಳು. "ಹಗರಂದು. ಎಲ್ಲೆ ಬೇಕಾದ್ರೂ ಒಗದ ಬರೂವಂಥಾದ್ದು."

ಅವನು ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿದ. ಬೇಕಾದದ್ದಕ್ಕಿಂತ ನಿಧಾನವಾಗಿ ಇಳಿಸಿದ. ಅವಳು ಅವನ ಬೆನ್ನನ್ನು ನೋಡುತ್ತ ನಿಂತಳು. ಅಂಗಿಯ ಕಾಲರಿನಲ್ಲಿ ಒಂದು ದಾರ ಎದ್ದಿತ್ತು. ಐದು ವಾರದಿಂದ ಅದನ್ನು ಕಿತ್ತು ಹಾಕಬೇಕೆಂದು ಅವಳ ಬೆರಳಿಗೆ ಅನಿಸುತ್ತಿತ್ತು. ಇನ್ನು ಅದನ್ನು ಯಾರಾದರೂ ಕೀಳಲಿ.

"ವರಂಟಿ ಎಷ್ಟ ವರ್ಷ?" ಎಂದು ಕೇಳಿದಳು ಪರಸವ್ವ. ವಾರಂಟಿ ಅವಳ ಬಾಯಲ್ಲಿ ವರಂಟಿಯಾಗಿತ್ತು. ನೋಡಲು ಬರುತ್ತಿರುವ ವರನಿಗೆ ಮಾತ್ರ ಯಾವ ಕಂಪನಿಯೂ ಅದನ್ನು ಕೊಟ್ಟಿರಲಿಲ್ಲ.

"ಒಂದ ವರ್ಷರಿ. ಮನಿಗೆ ಬಂದು ರಿಪೇರಿ ಮಾಡ್ತೇವಿ." ಅವನು ಫಾರ್ಮು ತೆಗೆದು ಹೆಸರು ಬರೆದ. 'ಮಾಲಾ' ಬರೆಯಲು ಎರಡೇ ಅಕ್ಷರ. ಅದಕ್ಕೆ ಅವನು ಒಂದು ಪುಟದಷ್ಟು ಹೊತ್ತು ತೆಗೆದುಕೊಂಡ. "ಅಡ್ರೆಸ್‌ರಿ?"

"ತಿಕೋಟಾ ಬ್ಯಾಡಪಾ. ಎರಡ ತಿಂಗಳಿಗೆ ಮತ್ತ ಬದಲ ಮಾಡೂದಾಕ್ಕೈತಿ. ಬಬಲೇಶ್ವರದ್ದ ಬರಿ, ನಾ ಫೋನ ಹಚ್ಚಿ ಕೇಳ್ತೇನಿ. ಕೆಟ್ಟರ ಅಲ್ಲಿಗೆ ನೀನ ಬರ್ತಿ ಹೌದಿಲ್ಲೋ?"

ಪೆನ್ನು ಕಾಗದದ ಮೇಲೆ ನಿಂತಿತು. ನಿಂತಲ್ಲಿ ನೀಲಿ ಚುಕ್ಕೆಯೊಂದು ಮೂಡಿ, ಸಾವಕಾಶ ದೊಡ್ಡದಾಯಿತು.

"ಬರೂದಿಲ್ಲರಿ," ಎಂದ.

"ಯಾಕಪಾ?"

"ಬಬಲೇಶ್ವರಕ್ಕ ನಾ ಬರೂದಿಲ್ಲರಿ ಅವ್ವಾರ." ಈ ಧ್ವನಿ ಯಾರದೆಂದು ಮಾಲಾಳಿಗೆ ತಕ್ಷಣ ಹೊಳೆಯಲಿಲ್ಲ. ತುಸು ಒರಟಾಗಿತ್ತು, ನಡುನಡುವೆ ಒಡೆಯುತ್ತಿತ್ತು. "ನಾ ತಿಕೋಟಾಕ್ಕ ಬರ್ತೇನಿ. ನಾಳೆನ ಬರ್ತೇನಿ. ನೋಡಾಕ."

ಆ ಸೀಮೆಯಲ್ಲಿ ಒಬ್ಬ ಹುಡುಗ ಒಂದು ಮನೆಗೆ 'ನೋಡಾಕ' ಬರುತ್ತೇನೆಂದರೆ, ಒಂದೋ ಆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರಬೇಕು, ಇಲ್ಲವೇ ಹೆಣ್ಣಿರಬೇಕು. ಪರಸವ್ವನ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು.

"ಏನ ನೋಡಾಕ?" ಎಂದಳು ಪರಸವ್ವ. ನಗು ಹೋಗಿತ್ತು.

ಬಾಯಿಂದ ಬಿದ್ದ ಮಾತು ಎಂಥದೆಂದು ರಾಜರತ್ನನಿಗೆ ಆಗ ಗೊತ್ತಾಯಿತು. ಕಿವಿಯ ತುದಿಯಿಂದ ಶುರುವಾಗಿ ಮುಖವೆಲ್ಲ ಕೆಂಪಾಯಿತು. "ಅಲ್ಲರಿ, ಡೆಸ್ಕ್‌ಟಾಪ ಕುಂದರಸೂಕಿಂತ ಮೊದಲ… ಜಾಗ ನೋಡಬೇಕಾಕ್ಕೈತಿ. ಪ್ಲಗ್ಗು, ಅರ್ಥಿಂಗು…"

ಮಾಲಾಳಿಗೆ ಅವನ ಅರ್ಥಿಂಗಿನಲ್ಲಿ ಯಾವ ಅರ್ಥವೂ ಕಾಣಲಿಲ್ಲ. ಅವಳು ಟಿಕೀಟನ್ನು ಮಡಚಿದಳು, ಮತ್ತೆ ಮಡಚಿದಳು. ಅವ್ವ ಎರಡೂ ಅಂಗೈ ಕೌಂಟರಿನ ಮೇಲೆ ಊರಿ ಅವನನ್ನೇ ನೋಡುತ್ತಿದ್ದಳು. ದ್ರಾಕ್ಷಿ ತೋಟದಲ್ಲಿ ಇಪ್ಪತ್ತು ವರ್ಷ ಗೊನೆ ಕೊಯ್ದು, ಮುಟ್ಟಿದ ಕೂಡಲೇ ಒಳಗಿನ ಹುಳಿ ಹೇಳುತ್ತಿದ್ದ ಹೆಂಗಸು ಅವಳು.

"ತಮ್ಮಾ, ಒಂದ ಮಾತ ಕೇಳ್ತೇನಿ. ನಾಳೆ ಒಬ್ಬನ ಬರ್ತಿಯೋ, ಯಾರರ ಜೋಡಿ ಬರ್ತಿಯೋ?"

ಪ್ಲಗ್ಗು ನೋಡಲು ಒಬ್ಬನೇ ಬಂದರೆ ಸಾಕು. ಇದು ಮೂವರಿಗೂ ಗೊತ್ತಿತ್ತು.

ರಾಜರತ್ನ ಮಾಲಾಳ ಕಡೆ ನೋಡಿದ. ಅವಳು ಈ ಸಲ ಕಣ್ಣು ತೆಗೆಯಲಿಲ್ಲ. ಕೈ ಹಿಡಿದು ದಾಟಿಸಲೂ ಇಲ್ಲ. ನೋಡಿದಳು, ಅಷ್ಟೇ. ಹೊರಗೆ ಒಂದು ಆಟೋ ಹಾರ್ನ್ ಹೊಡೆಯುತ್ತ ಹೋಯಿತು, ಅದರ ಹಿಂದೆ ಇನ್ನೊಂದು.

"ನಮ್ಮವ್ವನ್ನ ಕರಕೊಂಡ ಬರ್ತೇನ್ರಿ," ಎಂದ. "ಕಾಕಾನೂ ಬರ್ತಾನ."

ಪರಸವ್ವ ತಾನಾಗಿಯೇ ಸ್ಟೂಲು ಎಳೆದುಕೊಂಡು ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅವರು ಯಾರ ಪೈಕಿ, ಮನೆ ಎಲ್ಲಿ, ಅಪ್ಪ ಏನು ಮಾಡುತ್ತಿದ್ದ, ಎಲ್ಲ ಕೇಳಿದಳು. ಅವನು ನಿಂತೇ ಉತ್ತರ ಕೊಟ್ಟ, ಪರೀಕ್ಷೆಗೆ ಬಂದವನಂತೆ. ಕೊನೆಗೆ ಅವಳು ಮಗಳ ಕಡೆ ತಿರುಗಿದಳು.

"ಸೋಮವಾರ ಕೇಳಿದ್ನಲ್ಲಲೇ ನಿನಗ. ಯಾರೂ ಇಲ್ಲಂದಿ."

"ಸೋಮವಾರ ಇದ್ದಿಲ್ಲ ಬೇ."

"ಮತ್ತ ಯಾವಾಗಿಂದ ಅದಾನ?"

ಮಾಲಾ ಗೋಡೆಯ ಗಡಿಯಾರ ನೋಡಿದಳು. "ಐದ ನಿಮಿಷ ಆತು."

ಬಬಲೇಶ್ವರದವರಿಗೆ ಹೇಳಬೇಕಾದ ಮಾತು ಪರಸವ್ವನ ಮುಖದ ಮೇಲೆ ಹಾದುಹೋಗುತ್ತಿತ್ತು. ಬೈಗುಳ, ಮುಜುಗರ, ಮತ್ತೆ ಬೈಗುಳ.

"ಇದನ್ನ ಮ್ಯಾಲ ಇಡು," ಎಂದಳು ಪರಸವ್ವ ಲ್ಯಾಪ್‌ಟಾಪಿನ ಡಬ್ಬಿ ತೋರಿಸಿ. "ನಾಳೆ ಬರೂ ಮುಂದ ಆ ದೊಡ್ಡದನ್ನ ತಗೊಂಡ ಬಾ. ಓಣ್ಯಾಗಿನವ್ರು ಕೇಳಿದ್ರ, ಕಂಪ್ಯೂಟರ ಕುಂದರಸಾಕ ಬಂದಾರ ಅಂತ ಹೇಳಾಕರ ಆಕ್ಕೈತಿ."

"ಹೂಂನ್ರಿ."

"ನಾಳೆ ಒಪ್ಪಿಗಿ ಆಗದಿದ್ರ ಅದೊಂದನ್ನ ಕುಂದರಿಸಿ, ಹೋಗಿಬಿಡಬೇಕ ಮತ್ತ."

"ಹೂಂನ್ರಿ."

"ಒಪ್ಪಿಗಿ ಆದ್ರ, ಮುಂದ ಅದನ್ನ ವಿಜಯಪುರಕ್ಕ ತಿರುಗಿ ಹೊತಗೊಂಡ ಹೋಗವ್ರು ಯಾರು?"

"ನಾನ ಹೊರತೇನ್ರಿ."

"ಮಾತಾಡಾಕ ಬರ್ತೈತಲ್ಲಪಾ ನಿನಗ," ಎಂದು ಪರಸವ್ವ ಎದ್ದಳು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ, ಬೇಕೆಂದೇ ತುಸು ಹೆಚ್ಚು ಹೊತ್ತು ಹುಡುಕಿ, ಮೆಟ್ಟಿಲಿಳಿದು ಆಟೋದವನೊಡನೆ ಚೌಕಾಸಿಗೆ ನಿಂತಳು.

ಒಳಗೆ ಇಬ್ಬರೇ. ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ.

"ನಿಮ್ಮವ್ವಗ ಗೊತ್ತೈತೇನು?" ಎಂದು ಕೇಳಿದಳು ಮಾಲಾ.

"ಇನ್ನೂ ಇಲ್ಲರಿ. ಸಂಜೀಕ ಹೇಳ್ಬೇಕು."

"ಒಪ್ಪತಾರೇನು?"

"ಗೊತ್ತಿಲ್ಲರಿ. ಅಂಜಿಕಿ ಬರಾಕತ್ತೈತಿ." ಅದನ್ನು ಅವನು ಎಷ್ಟು ನೇರವಾಗಿ ಹೇಳಿದನೆಂದರೆ, ಅವಳಿಗೂ ಅಂಜಿಕೆ ಬಂತು. ಬಂದರೂ ಚಂದವಾಗಿತ್ತು.

"ಏ ಮಾಲಾ," ಎಂದು ಕೆಳಗಿನಿಂದ ಅವ್ವ ಕೂಗಿದಳು.

"ಬಂದ್ನಿ ಬೇ." ಅವಳು ಬಾಗಿಲಿನ ತನಕ ಹೋಗಿ ತಿರುಗಿದಳು. "ನಿಮ್ಮವ್ವಗ ಚಹಾಕ್ಕ ಸಕ್ರಿ?"

"ಹಾಕಬ್ಯಾಡ್ರಿ. ಸಕ್ರಿ ಬ್ಯಾನಿ ಐತಿ."

"ನಿಮಗ?"

"ಎರಡ ಚಮಚ."

"ಒಂದ ಹಾಕ್ತೇನಿ," ಎಂದು ಮಾಲಾ ಮೆಟ್ಟಿಲಿಳಿದಳು.