ಎಡನೂಲಿನ ಗೊಂಬೆ

"ಇಂಜಿನಿಯರಪ್ಪಾ, ಇದನ್ನ ಬಲಕ್ಕೆ ಮಾತ್ರ ತಿರುಗಿಸ್ಬೇಡ. ಎಡಕ್ಕೆ ಹೊಸೆದ ನೂಲು. ಬಲಕ್ಕೆ ತಿರುಗಿದ್ರೆ ಬಿಚ್ಕೊಂಡು, ಮೊದ್ಲು ತಿರುಗಿಸಿದವನ ಕೊರಳಿಗೇ ಸುತ್ಕೊಳ್ಳತ್ತೆ."

ಬೆಟ್ಟದೂರು ಲಾ ಪಾಸ್‌ನ ವಸ್ತುಸಂಗ್ರಹಾಲಯದಲ್ಲಿ ಮೂವತ್ತು ವರ್ಷ ಪೆಟ್ಟಿಗೆಗಳನ್ನು ಕಾದ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಇಲಾರಿಯಾ, ಮೂರು ಕೋಕಾ ಎಲೆಗಳನ್ನು ಕಾಣಿಕೆಯಾಗಿ ಗೊಂಬೆಯ ಮುಂದಿಟ್ಟಳು. ಗೇಣುದ್ದದ ಉಣ್ಣೆಗೊಂಬೆ, ಪಾದದಿಂದ ಕೊರಳವರೆಗೆ ಕಪ್ಪುಬಿಳಿ ನೂಲಿನ ಬಿಗಿ. ಹಿಂದೆಂದೋ ಗಣಿಯ ಮೇಸ್ತ್ರಿಯೊಬ್ಬನ ಉಸಿರು ಕಟ್ಟಿಸಲು ಮಾಡಿಸಿದ ಮಾಟ.

ಬಯಲುಸೀಮೆಯ ಸಾಂತಾ ಕ್ರೂಸ್‌ನಿಂದ ಚಿತ್ರ ತೆಗೆಯಲು ಬಂದಿದ್ದ ಇಂಜಿನಿಯರ್ ರೆನಾಟೊ ನಕ್ಕ. "ನಿಮ್ಮ ಬೆಟ್ಟದವರಿಗೆ ಕಲ್ಲಿಗೂ ಭಯ, ನೂಲಿಗೂ ಭಯ! ನನ್ನ ಯಂತ್ರ ತಿರುಗೋದೇ ಬಲಕ್ಕೆ, ದೋನ್ಯಾ."

"ಎರಡು ಹನಿ ಸಾರಾಯಿನಾದ್ರೂ ನೆಲಕ್ಕೆ ಬಿಟ್ಟು ಭೂಮಿತಾಯಿ ಅಪ್ಪಣೆ ಕೇಳು."

"ಸಾರಾಯಿ ಇರೋದು ಕುಡಿಯೋಕೆ, ಚೆಲ್ಲೋಕಲ್ಲ."

ಕಿಟಕಿಯಿಲ್ಲದ ಕೋಣೆ. ಬಾಗಿಲು ಮುಚ್ಚಿದ. ಯಂತ್ರದ ತಟ್ಟೆ ಗೊಂಬೆಯನ್ನು ಹೊತ್ತು ಬಲಕ್ಕೆ ತಿರುಗಿತು. ಕ್ಯಾಮೆರಾ ಟಕ್ ಟಕ್ ಎಂದಿತು. ಒದ್ದೆ ಉಣ್ಣೆಯ ವಾಸನೆ, ಅದರ ಹಿಂದೆಯೇ ಸುಟ್ಟ ಕೊಬ್ಬಿನ ಕಮಟು. ಮಧ್ಯಾಹ್ನದ ಹೊತ್ತಿಗೆ ಬೆರಳಲ್ಲಿ ತಿರುಗಿಸಬಹುದಾದ ಗೊಂಬೆ ಪರದೆಯ ಮೇಲಿತ್ತು. ದೇಶದೇಶದ ಸಂಗ್ರಹಾಲಯಗಳು ಹಂಚಿಕೊಂಡ ಜಾಲತಾಣಕ್ಕೆ ಅದನ್ನು ಏರಿಸಿದ. ಇನ್ನು ಯಾರು ಎಲ್ಲಿ ಕೂತು ಬೇಕಾದರೂ ನೋಡಬಹುದು, ತಿರುಗಿಸಬಹುದು.

ಮೊದಲು ಕೊರಳು ತುರಿಸಿತು. ಕೈಯಾಡಿಸಿದ. ಏನೂ ಇಲ್ಲ.

ಪರದೆಯ ಗೊಂಬೆ ತಾನೇ ತಿರುಗಿತು. ಎಲ್ಲೋ ಯಾರೋ ತಿರುಗಿಸಿದ್ದರು. ಬಲಕ್ಕೆ. ಕೊರಳಿಗೆ ಕಾಣದ ನೂಲಿನ ಒಂದು ಸುತ್ತು ಬಿತ್ತು. ಎದ್ದ. ಪಾದಗಳು ಏಳಲಿಲ್ಲ. ಮತ್ತೊಂದು ಸುತ್ತು. ಬಾಗಿಲು ನಾಲ್ಕೇ ಹೆಜ್ಜೆ. ಕೂಗಿದ. ಪಿಸುದನಿಯಷ್ಟೇ ಹೊರಟಿತು. ಕುರ್ಚಿ ಉರುಳಿತು.

ಸದ್ದಿಗೆ ಇಲಾರಿಯಾ ಓಡಿಬಂದಳು. ಅವನ ಕತ್ತಿನ ನೀಲಿ ಗೀರು ನೋಡಿದಳು. "ಅಳಿಸೋ ಅದನ್ನ!"

"ಅಳಿಸಿದ್ರೂ ಅಷ್ಟೇ... ಆಗ್ಲೇ ನಕಲು... ಎಲ್ಲಾ ಕಡೆ..."

"ಹಾಗಾದ್ರೆ ಎಡಕ್ಕೆ ತಿರುಗಿಸು!"

ಪರದೆಗೆ ಬೆರಳು ಚಾಚಿ ತಿರುಗಿಸಿದ. ಒಂದು ಸುತ್ತು ಸಡಿಲಿತು. ಒಂದು ಉಸಿರು ಬಂತು. ಅಷ್ಟರಲ್ಲಿ ಯಾರೋ ಬಲಕ್ಕೆಳೆದರು. ಮತ್ತೆ ಎಡಕ್ಕೆ. ಬೆರಳು ನಿಂತರೆ ಉಸಿರು ನಿಲ್ಲುತ್ತಿತ್ತು.

ಮೂರನೆಯ ದಿನ ಅವನ ರೆಪ್ಪೆಗಳು ತಾವಾಗಿ ಮುಚ್ಚತೊಡಗಿದವು. ಕಂಪ್ಯೂಟರನ್ನು ಎಂದೂ ಮುಟ್ಟದ ಮುದುಕಿ, ಭೂಮಿತಾಯಿಗೂ ಕನ್ಯೆ ಮರಿಯಳಿಗೂ ಕೈಮುಗಿದು, ಅವನ ಬೆರಳು ಸರಿಸಿ ತನ್ನದನ್ನಿಟ್ಟಳು.

"ಸ್ವಲ್ಪ ಮಲಗು, ಮಗಾ. ನಾ ತಿರುಗಿಸ್ತೀನಿ."

ಅವನು ಮಲಗಿದ. ಅವಳಿಗೆ ಅಂಕಿ ಓದಲು ಬರುತ್ತಿತ್ತು. ಪರದೆಯ ಮೂಲೆಯಲ್ಲಿ ನೋಡುಗರ ಸಂಖ್ಯೆ ನಾಲ್ಕಿತ್ತು. ಅವಳು ನೋಡುತ್ತಿದ್ದಂತೆ ನಾನೂರಾಯಿತು.