ಎಣಿಸುವವಳ ಎದುರಿನ ಕುರ್ಚಿ

"ಇನ್ ಮ್ಯಾಲೆ ಆ ಪಟ್ಟಿ ಮಲ್ಲಿಕ್ ಅವರ ಹತ್ರ ಇರ್ಲಿ ಸರ್," ಎಂದಳು ಸುಮಂಗಲಾ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನತ್ತ ತಿರುಗಲೂ ಇಲ್ಲ.

ಲ್ಯಾಬಿನ ಮುಖ್ಯಸ್ಥ ವೆಂಕಟರಮಣಪ್ಪ ಸಾರ್ ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ "ಆಯ್ತಮ್ಮ" ಎಂದರು. ಎರಡು ವರ್ಷದ ನನ್ನ ಕುರ್ಚಿ ಮೂರೇ ಅಕ್ಷರದಲ್ಲಿ ಹೋಯಿತು.

ಜಿಗಣಿಯ ಗ್ರಾನೈಟ್ ಕಾರ್ಖಾನೆಗಳ ನಡುವೆ ನಮ್ಮದೊಂದು ಪುಟ್ಟ ಲ್ಯಾಬ್. ತೊಂಬತ್ತೇಳರಲ್ಲಿ ಅಲ್ಲಿ ಸಂಧಿವಾತದ ಕೆಲಸ ನಡೆಯುತ್ತಿತ್ತು. ಆಪರೇಷನ್ ಆದ ಮಂಡಿಗಳಿಂದ ಕೀಲಿನ ಒಳಪದರ ತಂದು, ಅದರ ಜೀವಕೋಶಗಳನ್ನು ಫ್ಲಾಸ್ಕಿನಲ್ಲಿ ಸಾಕುತ್ತಿದ್ದೆವು. ಅರ್ಧ ಫ್ಲಾಸ್ಕುಗಳಿಗೆ ಟಿಎನ್ಎಫ್ ಬೀಳುತ್ತಿತ್ತು. ಉರಿಯೂತ ಎದ್ದಾಗ ದೇಹ ಕಳಿಸುವ ಸಂಕೇತ ಅದು. "ಬೆಳೀರಿ, ಇನ್ನೂ ಬೆಳೀರಿ" ಎಂದು ಜೀವಕೋಶಗಳನ್ನು ಹುರಿದುಂಬಿಸುವ ಪುಢಾರಿ. ಕಾಗದದಷ್ಟು ತೆಳ್ಳಗಿರಬೇಕಾದ ಪದರ ಆಗ ಊದಿಕೊಂಡು ಕೀಲನ್ನೇ ತಿನ್ನತೊಡಗುತ್ತದೆ. ರೋಗಿಗೆ ನೀರಿನ ಚೊಂಬು ಎತ್ತುವುದೂ ಕಷ್ಟ.

ಎಷ್ಟು ಬೆಳೆದವು ಎಂದು ಎಣಿಸುವವಳು ಸುಮಂಗಲಾ. ಯಾವ ಫ್ಲಾಸ್ಕಿಗೆ ಏನು ಬಿದ್ದಿದೆ ಎಂದು ಎಣಿಸುವವರಿಗೆ ತಿಳಿಯಬಾರದು. ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಹಾಗಾಗಿ ಟಿಎನ್ಎಫ್ ಹಾಕುವವನು ನಾನಾಗಿದ್ದೆ, ಆ ಪಟ್ಟಿ ನನ್ನ ಡ್ರಾಯರಿನಲ್ಲಿ ಬೀಗದೊಳಗಿತ್ತು. ನಾನು ನಂಬರು ಅಂಟಿಸಿದ ಫ್ಲಾಸ್ಕ್ ಒಂದೊಂದೇ ಕೊಡುತ್ತಿದ್ದೆ. ಅವಳು ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಎಣಿಸಿ ಹೇಳುತ್ತಿದ್ದಳು. ಎದುರಿಗೆ ಕೂತು ನಾನು ಬರೆಯುತ್ತಿದ್ದೆ. ನಡುನಡುವೆ ಸಾರ್ ಹಾಗೆ ಕೆಮ್ಮುತ್ತಿದ್ದೆ, ಗೇಟಿನ ಯಮನಪ್ಪನ ಹಾಗೆ ಆಕಳಿಸುತ್ತಿದ್ದೆ.

"ಏ ಅಮರೇಶ್, ಸುಮ್ನಿರ್ರೀ! ಮತ್ತ ಮೊದ್ಲಿಂದ ಎಣಸ್ಬೇಕು," ಎಂದು ಧಾರವಾಡದ ಸಿಟ್ಟು ತೋರಿಸುತ್ತಿದ್ದಳು. ಕೆನ್ನೆ ಮಾತ್ರ ನಗುತ್ತಿತ್ತು.

ಈಗ ಆ ಕುರ್ಚಿಯಲ್ಲಿ ಮಲ್ಲಿಕ್. ಆರಡಿ ಎತ್ತರ, ಮಡಿಕೆ ಮುರಿಯದ ಶರ್ಟು, ಪಕ್ಕದ ಕಾರ್ಖಾನೆಯಲ್ಲಿ ಪಾಲಿಶ್ ಮಾಡಿಸಿ ತಂದಂಥ ಮುಖ. ಗಾಜಿನ ಗೋಡೆಯ ಈಚೆ ಪಿಪೆಟ್ ಹಿಡಿದು ನಾನು ಅವರಿಬ್ಬರನ್ನೂ ನೋಡುತ್ತಿದ್ದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಮಾತೇ ಬೇಡದಷ್ಟು ಹತ್ತಿರವಾಗಿಬಿಟ್ಟರೇ ಎಂದು ನನ್ನ ಹೊಟ್ಟೆಯೊಳಗೆ ಸೌದೆ ಬೀಳುತ್ತಿತ್ತು.

ಮೂರನೇ ವಾರ ತಡೆಯಲಾಗಲಿಲ್ಲ. ಕಾರಿಡಾರಿನಲ್ಲಿ ಅಡ್ಡ ನಿಂತೆ.

"ಹೊಸ ಕಂಪನಿ ಹೇಗಿದೆ ಮೇಡಂ?"

"ಕೆಲಸ ಛಲೋ ನಡದದ."

"ನಾನಿದ್ದಾಗ ಕೆಟ್ಟದಾಗಿ ನಡೀತಿತ್ತಾ?"

"ನಿಮಗ್ಯಾಕ್ರೀ ಇಷ್ಟು ಉರಿ?"

"ಉರಿಯೂತದ ಲ್ಯಾಬ್ ಅಲ್ವಾ? ಒಬ್ಬನಾದ್ರೂ ಉರೀಬೇಕಲ್ಲ!"

ಅವಳು ನಗಲಿಲ್ಲ. ಕಣ್ಣೆತ್ತಿ ನನ್ನ ಹುಬ್ಬನ್ನು ನೋಡಿದಳು, ತುಟಿಯನ್ನು ನೋಡಿದಳು. ಆಮೇಲೆ ಕಿವಿ ಕೆಂಪಗಾಗಿ ಸರಸರ ಹೊರಟುಹೋದಳು. ಮಲ್ಲಿಕ್ ಹೆಸರೆತ್ತಿದ್ದಕ್ಕೇ ಈ ಕೆಂಪು ಎಂದುಕೊಂಡೆ. ಹೆಸರೆತ್ತಿಯೇ ಇರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಶನಿವಾರದ ಮೀಟಿಂಗಿನಲ್ಲಿ ಸಾರ್ ಲೆಕ್ಕ ಬಿಡಿಸಿದರು. ನನ್ನ ಕಾಲದಲ್ಲಿ ಟಿಎನ್ಎಫ್ ಬಿದ್ದ ಜೀವಕೋಶಗಳು ಎರಡರಷ್ಟಾಗಿದ್ದವು. ಮಲ್ಲಿಕ್ ಕಾಲದಲ್ಲಿ ಒಂದೂವರೆಯಷ್ಟೇ.

ನಾನು ಜಿಗಿದೆದ್ದೆ. "ಮಲ್ಲಿಕ್ ಡೋಸ್ ಕಮ್ಮಿ ಹಾಕಿರ್ಬೇಕು ಸಾರ್." ಸಾಲದ್ದಕ್ಕೆ ಮಲ್ಲಿಕ್ ಪಿಪೆಟ್ ಹಿಡಿಯುವ ಗತ್ತನ್ನು ನಟಿಸಿಯೂ ತೋರಿಸಿದೆ. ಎಲ್ಲರೂ ನಕ್ಕರು, ಇಬ್ಬರನ್ನು ಬಿಟ್ಟು.

"ಡೋಸ್ ಸರಿಯಾಗಿದೆ. ನೋಟ್‌ಬುಕ್ ನೋಡಿ," ಎಂದ ಮಲ್ಲಿಕ್, ತಣ್ಣಗೆ.

"ಹಾಗಾದ್ರೆ ತಪ್ಪು ಯಾರದ್ರಪ್ಪಾ?" ಸಾರ್ ಪೆನ್ನು ಕುಟ್ಟಿದರು. "ಮಲ್ಲಿಕ್, ನಿಮ್ದೇ ಆಗಿದ್ರೆ ಸೋಮವಾರದಿಂದ ಬೇರೆ ಕೆಲ್ಸ ನೋಡ್ಕೊಳ್ಳಿ."

ಕುರ್ಚಿ ನನ್ನ ಕಡೆ ಉರುಳಿ ಬರುತ್ತಿರುವ ಸದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಸುಮಂಗಲಾ ಎದ್ದಳು.

"ತಪ್ಪು ನಂದ್ರಿ ಸರ್. ಅಮರೇಶ್ ಫ್ಲಾಸ್ಕ್ ಕೊಡೂ ಮುಂದ ಅವರ ಮಾರಿ ನೋಡಿದ್ರ ಸಾಕು, ಯಾವುದ್ರಾಗ ಟಿಎನ್ಎಫ್ ಅದ ಅಂತ ನಂಗ ತಿಳೀತಿತ್ತು. ಎಡಗಡೆ ಹುಬ್ಬು ಒಂಚೂರು ಏಳ್ತದ. ತಿಳಿದ ಮ್ಯಾಲೆ ತಿಳೀದವರಂಗ ಹೆಂಗ ಎಣಸ್ಲಿ? ಮಲ್ಲಿಕ್ ಅವರ ಲೆಕ್ಕನ ಖರೆ."

ನಾನು ಊರೆಲ್ಲರ ಮುಖ ಹಾಕಿಕೊಂಡು ತಿರುಗುವವನು. ಅದರಡಿ ನನ್ನದೊಂದು ಇದೆಯೆಂದೂ, ಅದನ್ನೊಬ್ಬಳು ಓದುತ್ತಿದ್ದಳೆಂದೂ ನನಗೇ ಗೊತ್ತಿರಲಿಲ್ಲ.

"ಮಲ್ಲಿಕ್ ಮುಖ ನೋಡಿದ್ರೆ ಗೊತ್ತಾಗಲ್ವೇನಮ್ಮ?" ಸಾರ್ ಕೇಳಿದರು.

"ಅವರ ಮಾರಿ ನಾ ನೋಡೂದ ಇಲ್ರಿ."

ಹೇಳಿಬಿಟ್ಟ ಮೇಲೆ ಹೇಳಿದ್ದೇನೆಂದು ಅವಳಿಗೆ ತಿಳಿಯಿತು. ಒಂಬತ್ತು ಜನ ಮೇಜಿನ ಮೇಲಿನ ಬಿಸ್ಕತ್ತುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಸಾರ್ ಕನ್ನಡಕ ತೆಗೆದು ಒರೆಸಿದರು. "ಹಳೇ ಎಣಿಕೆ ಎಲ್ಲ ಬಿಸಾಕಿ. ಅಮರೇಶ್, ನೀನು ಆ ಬೆಂಚಿನ ಹತ್ರ ಸುಳೀಬೇಡ."

ಎರಡು ವರ್ಷದ ಕೆಲಸ ಬುಟ್ಟಿಗೆ ಹೋಯಿತು. ನನಗೆ ಕುಣಿಯಬೇಕೆನಿಸಿತು.

ಶನಿವಾರ ಅರ್ಧ ದಿನ, ಒಂದೂವರೆಗೆ ಮನೆಗೆ ಬಿಡುವ ಕಂಪನಿ ವ್ಯಾನು. ಅವಳು ಕಿಟಕಿಯ ಪಕ್ಕ ತಲೆತಗ್ಗಿಸಿ ಕೂತಿದ್ದಳು, ಮಲ್ಲಿಕ್ ಹಿಂದಿನ ಸೀಟಿನಲ್ಲಿ. ನಾನು ಬಾಗಿಲ ಬಳಿ ನಿಂತೆ.

"ಹತ್ತಿ ಸಾರ್, ಟೈಮಾಯ್ತು," ಎಂದ ಡ್ರೈವರ್ ಗಂಗಪ್ಪ.

"ಒಂದ್ನಿಮಿಷ ಗಂಗಪ್ಪ. ಮಲ್ಲಿಕ್, ಸಾರಿ ಕಣ್ರೀ. ಡೋಸ್ ಅಂದಿದ್ದು ಬರೀ ನೆಪ. ಮೂರು ವಾರದಿಂದ ನಿಮ್ಮನ್ನ ನೋಡಿದ್ರೇ ಹೊಟ್ಟೆ ಉರೀತಿತ್ತು. ಯಾಕಂದ್ರೆ..." ಕಿಟಕಿಯತ್ತ ತಿರುಗಿದೆ. "ಸುಮಂಗಲಾ, ನನಗೆ ನೀವಂದ್ರೆ ಇಷ್ಟ. ಎರಡು ವರ್ಷದಿಂದ."

ಅವಳು ಬ್ಯಾಗು ಹೆಗಲಿಗೇರಿಸಿ, ಎಲ್ಲರ ಮಂಡಿ ದಾಟಿ, ಕೆಳಗಿಳಿದಳು.

"ನೀವು ನಡೀರಿ ಗಂಗಪ್ಪಣ್ಣ," ಎಂದಳು. "ನಾವು ಬಸ್ಸಿಗೆ ಬರ್ತೀವಿ."

ಮುಂದಿನ ಬಸ್ಸು ಒಂದೂಕಾಲು ಗಂಟೆಯ ನಂತರ. ಅವಳಿಗೂ ಅದು ಗೊತ್ತಿತ್ತು.