ಮೈನಸ್ ಮೂರು

"ಕೇಳಿದೆಯಾ ನಿನ್ನೆ? ಮೇಲಿನ ಸ್ವರ ಹೇಗೆ ಹಿಡಿದೆ ನಾನು," ಬಾಗಿಲಲ್ಲೇ ನಿಂತು ಡೆನ್ಜಿಲ್ ಕಾಲರ್ ಸರಿಮಾಡಿಕೊಂಡ.

ಗ್ಲೆನಿಟಾ ಕೀಬೋರ್ಡಿನ ಮೇಲೆ ಬಗ್ಗಿ ನಗು ನುಂಗಿದಳು. "ಕೇಳಿದೆ ಮಾರಾಯ. ಎಂತ ತಿಂದದ್ದು?"

"ಬಿಸಿನೀರಿಗೆ ಜೇನು. ದಿನಾ ಕುಡಿಯಬೇಕು."

ನಿಜ ಅವಳೊಬ್ಬಳಿಗೇ ಗೊತ್ತಿತ್ತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ನುಡಿಸಲು ಕಲಿಯುತ್ತಿದ್ದ ನರ್ಸ್ ಅವಳು. ನಾಲ್ಕು ತಿಂಗಳ ಹಿಂದೆ ಕೊಂಡ ಪುಟ್ಟ ಕೀಬೋರ್ಡ್, ಹೆಗಲಿಗೆ ನೇತುಹಾಕಿ ಎಲ್ಲಿಗೂ ಒಯ್ಯಬಹುದು. ಬೆರಳು ಮಾತ್ರ ಇನ್ನೂ ಬಿಳಿ ಕೀಗಳನ್ನು ದಾಟಿರಲಿಲ್ಲ. ಅಂಥವರಿಗೆಂದೇ ಅದರಲ್ಲಿ ಟ್ರಾನ್ಸ್‌ಪೋಸ್ ಎಂಬ ಬಟನ್ ಉಂಟು: ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಏರುತ್ತದೆ, ಇಳಿಯುತ್ತದೆ.

ತನ್ನ ತಂಗಿ ನೆಲ್ಲಿಯ ರೋಸ್‌ಗೆ, ಎಂದರೆ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ, ಡೆನ್ಜಿಲನಿಗೆ ತಾನೇ ಹಾಡುವ ಆಸೆ. ಅಭ್ಯಾಸದ ಮೊದಲ ದಿನವೇ ಮೇಲಿನ ಸ್ವರದಲ್ಲಿ ಗಂಟಲು ಒಡೆದು, "ಬೇರೆ ಯಾರನ್ನಾದ್ರೂ ಕರಿ, ನಾನು ಬರುವುದಿಲ್ಲ" ಎಂದು ಎದ್ದುಬಿಟ್ಟಿದ್ದ. ಮರುದಿನ ಅವನನ್ನು ಒತ್ತಾಯದಿಂದ ಕರೆಸಿ, ಗ್ಲೆನಿಟಾ ಗುಟ್ಟಾಗಿ ಶ್ರುತಿಯನ್ನು ಮೂರು ಮೆಟ್ಟಿಲು ಇಳಿಸಿದಳು. ಅಂದಿನಿಂದ ಅವನು ಅವಳ ಮನೆಗೆ ಬರುವುದನ್ನು ಒಂದು ಸಂಜೆಯೂ ತಪ್ಪಿಸಲಿಲ್ಲ.

ರೋಸ್‌ನ ದಿನ ಡೆನ್ಜಿಲನ ಮನೆಯ ಅಂಗಳ ತುಂಬ ಜನ. ಹಾಡು ಶುರುವಾಗಬೇಕು ಎನ್ನುವಾಗ ಕರೆಂಟ್ ಹೋಯಿತು.

"ಇನ್ನೆಂತ ಮಾಡುವುದು?" ಹಾಲಿನ ಬಟ್ಟಲು ಹಿಡಿದಿದ್ದ ಐರಿನ್ ಬಾಯಿ ಕೇಳಿದರು. ಗ್ಲೆನಿಟಾಳ ಜೊತೆ ಬಂದಿದ್ದ ಅವಳ ಪಕ್ಕದ ಮನೆಯವರು.

"ಬ್ಯಾಟರಿಯಲ್ಲೂ ನಡೀತದೆ ಬಾಯಿ," ಎಂದು ಗ್ಲೆನಿಟಾ ಆರು ಸೆಲ್ ಹಾಕಿ ಆನ್ ಮಾಡಿದಳು. ಆತುರದಲ್ಲಿ ಒಂದನ್ನು ಮರೆತಳು. ಆಫ್ ಆದರೆ ಶ್ರುತಿ ಮೊದಲಿನ ಜಾಗಕ್ಕೇ ಹೋಗಿ ನಿಲ್ಲುತ್ತದೆ.

ಮೇಲಿನ ಸ್ವರದಲ್ಲಿ ಡೆನ್ಜಿಲನ ಗಂಟಲು ಒಡೆಯಿತು.

"ಹುಂಜ ಬೆಳಿಗ್ಗೆ ಕೂಗುವುದಲ್ವಾ?" ಎಂದರು ಅವನ ಮಾವ ಇಸಿದೋರ್. ಅಂಗಳ ನಕ್ಕಿತು. ಡೆನ್ಜಿಲನ ಕಿವಿ ಕೆಂಪಾಯಿತು. ಹಾಲು ತೊಟ್ಟಿಕ್ಕುವ ಮುಖವೆತ್ತಿ ನೆಲ್ಲಿ ಅಣ್ಣನನ್ನೇ ನೋಡುತ್ತಿದ್ದಳು.

ಬಟನ್ ಒತ್ತಿದರೆ ಪಕ್ಕದಲ್ಲಿ ನಿಂತವನಿಗೆ ಎಲ್ಲ ತಿಳಿಯುತ್ತದೆ. ಒತ್ತದಿದ್ದರೆ ಹಾಡು ಇಲ್ಲಿಗೇ ಮುಗಿಯುತ್ತದೆ. ಗ್ಲೆನಿಟಾ ಒತ್ತಿದಳು, ಮೂರು ಸಲ. ಪುಟ್ಟ ಪರದೆಯಲ್ಲಿ ಮೈನಸ್ ಮೂರು ಮೂಡಿತು.

ಡೆನ್ಜಿಲ್ ಅದನ್ನು ನೋಡಿದ. ಮತ್ತೆ ಅವಳನ್ನು ನೋಡಿದ, ತುಂಬ ಹೊತ್ತು.

"ಮೊದಲಿನಿಂದ ಹಾಡು," ಎಂದಳು ಅವಳು, ಮೆಲ್ಲಗೆ.

ಅವನು ಹಾಡಿದ. ಮೇಲಿನ ಸ್ವರ ತುಂಬಿ ಬಂದಾಗ ಇಸಿದೋರ್ ಮಾವನೇ ಮೊದಲು ಚಪ್ಪಾಳೆ ತಟ್ಟಿದರು.

ಎಲ್ಲರೂ ಊಟಕ್ಕೆ ಕುಳಿತ ಮೇಲೆ ಅವನು ಅವಳ ಹತ್ತಿರ ಬಂದ. "ಎರಡು ಬಾಟ್ಲಿ ಜೇನು ಖಾಲಿ ಮಾಡಿದ್ದೇನೆ ಮಾರಾಯ್ತಿ. ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಬರ್ತಿರಲಿಲ್ಲ."

"ಬಾರದಿದ್ರೆ ಎಂತ?"

ಅವಳು ಸೆಲ್ ತೆಗೆಯುವ ನೆಪದಲ್ಲಿ ತಲೆ ತಗ್ಗಿಸಿದಳು. "ನನಗೆ ಬೇಕಿತ್ತು."

"ಹಾಡಾ?"

"ನೀನು."

ಅವನ ಮುಖದಲ್ಲಿ ನಗು ನಿಧಾನವಾಗಿ ಅರಳಿತು. "ಮತ್ತೆ, ಪಣಂಬೂರಿನಿಂದ ಎರಡು ಬಸ್ ಹತ್ತಿ ನಾನು ದಿನಾ ಬಂದದ್ದು ಹಾಡಿಗೆ ಅಂತ ತಿಳಿದೆಯಾ?"

ಕೀಬೋರ್ಡಿನ ಚೀಲವನ್ನು ಅವನೇ ಹೆಗಲಿಗೇರಿಸಿದ. "ಒಂದೇ ಚಿಂತೆ. ನಿನ್ನ ರೋಸ್‌ಗೆ ಇದನ್ನು ನುಡಿಸುವುದು ಯಾರು? ಆ ದಿನ ನಾನೂ ನನ್ನ ಮನೆಯಲ್ಲಿ ಹಾಲು ಸುರಿಸಿಕೊಂಡು ಕೂತಿರ್ತೇನೆ."

ಒಂದೇ ದಿನ ಎರಡು ಮನೆಯಲ್ಲಿ ರೋಸ್: ಮದುಮಗಳಿಗೆ ಅವಳ ಮನೆಯಲ್ಲಿ, ಮದುಮಗನಿಗೆ ಅವನ ಮನೆಯಲ್ಲಿ. ಅರ್ಥವಾದಾಗ ಅವಳ ಕೈಯಿಂದ ಒಂದು ಸೆಲ್ ಉರುಳಿಹೋಯಿತು.

"ಐರಿನ್ ಬಾಯಿಗೆ ಕಲಿಸ್ತೇನೆ," ಎಂದಳು. "ಬಿಳಿ ಕೀ ಮಾತ್ರ ಸಾಕು."